ಕಾಣದ ಗ್ರಹದ ಶೋಧ

ಕಣ್ಣಿಗೆ ಕಾಣದ ವಸ್ತುವೊಂದು ಇದೆಯೆಂದು ಬರಿಯ ಲೆಕ್ಕದ ಬಲದಿಂದ ಹೇಳಬಹುದೆ? ಹೇಳಬಹುದೆಂಬುದಕ್ಕೆ ಖಗೋಳಶಾಸ್ತ್ರದ ಚರಿತ್ರೆಯಲ್ಲಿ ಭವ್ಯವಾದ ನಿದರ್ಶನವೊಂದುಂಟು. ಹಾಗೆ ಹೇಳಿ ಮೋಸಹೋದ ನಿದರ್ಶನಗಳೂ ಉಂಟು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ಇತಿಹಾಸದ ವಿದ್ಯಾರ್ಥಿ. ಆದರೂ ಇಂದು ನಡೆಯುತ್ತಿರುವ ಒಂಬತ್ತನೆಯ ಗ್ರಹದ ಶೋಧಕ್ಕೆ ಈ ಹಳೆಯ ಕಥೆಗಳೇ ತಕ್ಕ ಪೀಠಿಕೆಯೆಂದು ನನಗೆ ತೋರುತ್ತದೆ.

೧೭೮೧ರಲ್ಲಿ ವಿಲಿಯಂ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದನು. ಕೆಲವು ದಶಕಗಳಲ್ಲಿಯೇ ಅದು ಗಣಿತಜ್ಞರು ಗೊತ್ತುಮಾಡಿದ ದಾರಿಯಿಂದ ತುಸು ಆಚೀಚೆ ಸರಿಯುತ್ತಿರುವುದು ತಿಳಿದುಬಂತು. ನ್ಯೂಟನ್ನನ ನಿಯಮದಂತೆ ಪ್ರತಿಯೊಂದು ಕಾಯವೂ ಇನ್ನೊಂದನ್ನು ಸೆಳೆಯುತ್ತದೆಯಷ್ಟೆ. ಆದ್ದರಿಂದ ಆಚೆಗಿರುವ ಯಾವುದೋ ಗ್ರಹ ಇದನ್ನು ಸೆಳೆಯುತ್ತಿರಬೇಕೆಂದು ಫ್ರಾನ್ಸಿನ ಲವೆರ್ಯೆಯೂ ಇಂಗ್ಲೆಂಡಿನ ಆಡಮ್ಸನೂ ಒಬ್ಬರ ಕೆಲಸವನ್ನೊಬ್ಬರು ಅರಿಯದೆಯೇ ಲೆಕ್ಕಹಾಕಿದರು. ಲವೆರ್ಯೆಯ ಪತ್ರ ಬರ್ಲಿನ್ನಿನ ವೀಕ್ಷಣಾಲಯವನ್ನು ಮುಟ್ಟಿದ ದಿನವೇ, ಎಂದರೆ ೧೮೪೬ರ ಸೆಪ್ಟೆಂಬರ್ ೨೩ರ ರಾತ್ರಿ, ಗಾಲೆ ಎಂಬಾತನು ದೂರದರ್ಶಕವನ್ನು ಅತ್ತ ತಿರುಗಿಸಿದನು. ಹೇಳಿದ್ದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ದೊರಕಿತು!

ಇದೇ ಲವೆರ್ಯೆ ೧೮೫೯ರಲ್ಲಿ ಬುಧಗ್ರಹದ ಚಲನೆಯಲ್ಲಿಯೂ ಅಂಥದೇ ವ್ಯತ್ಯಾಸವನ್ನು ಕಂಡನು. ಸೂರ್ಯನಿಗೆ ಇನ್ನೂ ಸಮೀಪದಲ್ಲಿ ಕಾಣದ ಕಾಯಗಳಿರಬೇಕೆಂದು ತರ್ಕಿಸಿದನು. ಅಂಥ ಗ್ರಹಕ್ಕೆ ವಲ್ಕನ್ ಎಂಬ ಹೆಸರೂ ಬಂತು. ಅದನ್ನು ಕಂಡೆವೆಂದು ಹೇಳಿದವರೂ ಇದ್ದರು. ಆದರೆ ವಲ್ಕನ್ ಇರಲೇ ಇಲ್ಲ. ೧೯೧೫ರಲ್ಲಿ ಐನ್‌ಸ್ಟೈನ್ ಗುರುತ್ವಾಕರ್ಷಣೆಯ ಹೊಸ ಸಿದ್ಧಾಂತದಿಂದ ಬುಧನ ನಡೆಯನ್ನು ವಿವರಿಸಿದನು. ಅಲ್ಲಿ ಕೊರತೆಯಿದ್ದುದು ಆಕಾಶದಲ್ಲಲ್ಲ, ನಿಯಮದಲ್ಲಿ.

ಮೂರನೆಯ ಕಥೆ ಅಮೆರಿಕದ ಪರ್ಸಿವಲ್ ಲೊವೆಲ್ಲನದು. ನೆಪ್ಚೂನಿನ ಸೆಳೆತವನ್ನು ಕಳೆದರೂ ಯುರೇನಸ್ಸಿನ ನಡೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಉಳಿಯುತ್ತದೆಂದು ಆತನು ಇನ್ನೊಂದು ಗ್ರಹವನ್ನು ಅರಸಿದನು; ಅದನ್ನು ಕಾಣದೆಯೇ ೧೯೧೬ರಲ್ಲಿ ತೀರಿಕೊಂಡನು. ಆತನ ವೀಕ್ಷಣಾಲಯದಲ್ಲಿಯೇ ೧೯೩೦ರಲ್ಲಿ ಕ್ಲೈಡ್ ಟಾಂಬೊ ಪ್ಲೂಟೊವನ್ನು ಪತ್ತೆಮಾಡಿದನು. ಬೇರೆ ಬೇರೆ ರಾತ್ರಿಗಳಲ್ಲಿ ತೆಗೆದ ಚಿತ್ರಗಳನ್ನು ಒಂದಾದಮೇಲೊಂದು ನೋಡಿ, ಸ್ಥಾನ ಬದಲಿಸಿದ ಚುಕ್ಕೆಯನ್ನು ಹುಡುಕುವುದೇ ಆತನ ಕ್ರಮ. ಆದರೆ ಪ್ಲೂಟೊವಿನ ದ್ರವ್ಯರಾಶಿ ಭೂಮಿಯದರಲ್ಲಿ ನಾನೂರನೆಯ ಒಂದು ಪಾಲೂ ಇಲ್ಲ. ಅದು ಯುರೇನಸ್ಸನ್ನು ಅಲುಗಿಸಲಾರದು. ೧೯೮೯ರಲ್ಲಿ ವಾಯೇಜರ್-೨ ನೌಕೆ ನೆಪ್ಚೂನಿನ ಬಳಿ ಹಾದುಹೋದ ಮೇಲೆ ಆ ಗ್ರಹದ ದ್ರವ್ಯರಾಶಿ ಖಚಿತವಾಯಿತು. ಅದನ್ನು ಬಳಸಿ ೧೯೯೩ರಲ್ಲಿ ಮತ್ತೆ ಗಣಿಸಿದಾಗ ಲೊವೆಲ್ಲನ ವ್ಯತ್ಯಾಸವೇ ಮಾಯವಾಯಿತು. ತಪ್ಪು ಲೆಕ್ಕವನ್ನು ನಂಬಿ ಹೊರಟವರಿಗೆ ನಿಜವಾದ ವಸ್ತುವೊಂದು ಸಿಕ್ಕಿದ್ದು ವಿಧಿಯ ವಿನೋದವೆನ್ನಬೇಕು. ೨೦೦೬ರಲ್ಲಿ ಪ್ಲೂಟೊ ಕುಬ್ಜಗ್ರಹಗಳ ಸಾಲಿಗೆ ಸೇರಿತು.

ಈಗಿನ ಸಂಗತಿಗೆ ಬರೋಣ. ನೆಪ್ಚೂನಿನಾಚೆ ಹಿಮಮಯವಾದ ಸಣ್ಣ ಕಾಯಗಳು ಅಸಂಖ್ಯವಾಗಿವೆ. ಅವುಗಳಲ್ಲಿ ಸೆಡ್ನಾ ಎಂಬುದಕ್ಕೆ ಸೂರ್ಯನನ್ನು ಒಮ್ಮೆ ಸುತ್ತಲು ಹನ್ನೊಂದು ಸಾವಿರ ವರ್ಷಗಳಿಗೂ ಮಿಗಿಲು ಬೇಕು. ಇಂಥ ದೂರಗಾಮಿಗಳಲ್ಲಿ ಆರು ಕಾಯಗಳ ಕಕ್ಷೆಗಳು ಒಂದೇ ಪಕ್ಕಕ್ಕೆ ಚಾಚಿಕೊಂಡಿವೆಯೆಂದೂ, ಭೂಮಿಯ ಹತ್ತರಷ್ಟು ದ್ರವ್ಯರಾಶಿಯ ಗ್ರಹವೊಂದು ಅವುಗಳನ್ನು ಹಾಗೆ ಹಿಡಿದಿಟ್ಟಿರಬಹುದೆಂದೂ ೨೦೧೬ರಲ್ಲಿ ಬ್ಯಾಟಿಗಿನ್ ಮತ್ತು ಬ್ರೌನ್ ಎಂಬ ವಿಜ್ಞಾನಿಗಳು ಪ್ರತಿಪಾದಿಸಿದರು.

ಅಷ್ಟು ದೊಡ್ಡದು ಕಾಣದಿರುವುದೇಕೆ? ಗ್ರಹಕ್ಕೆ ಸ್ವಂತ ಪ್ರಕಾಶವಿಲ್ಲ. ಸೂರ್ಯನ ಬೆಳಕು ಅಲ್ಲಿಗೆ ಹೋಗುವಾಗಲೂ ಕ್ಷೀಣಿಸುತ್ತದೆ, ನಮ್ಮತ್ತ ಮರಳುವಾಗಲೂ ಕ್ಷೀಣಿಸುತ್ತದೆ. ದೂರ ಎರಡರಷ್ಟಾದರೆ ಕಾಂತಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಲ್ಲದೆ ಅಂಥ ಗ್ರಹ ನಕ್ಷತ್ರಗಳ ನಡುವೆ ಅತಿ ನಿಧಾನವಾಗಿ ಸರಿಯುತ್ತದೆ.

ಸಂದೇಹಪಡುವವರೂ ಇದ್ದಾರೆ. ದೂರದರ್ಶಕಗಳು ಆಕಾಶದ ಎಲ್ಲ ಭಾಗಗಳನ್ನೂ ಸಮವಾಗಿ ನೋಡಿಲ್ಲ. ಅರಸಿದ ಕಡೆಯಲ್ಲೇ ಕಾಯಗಳು ಸಿಕ್ಕಿರುವುದರಿಂದ ಅವು ಗುಂಪುಗೂಡಿದಂತೆ ತೋರುತ್ತವೆಯೆಂಬುದು ಅವರ ವಾದ. ಇದು ನಿರ್ಲಕ್ಷಿಸತಕ್ಕ ಮಾತಲ್ಲ. ದೀಪದ ಕೆಳಗೆ ಮಾತ್ರ ಹುಡುಕಿದವನಿಗೆ ನಾಣ್ಯಗಳೆಲ್ಲ ದೀಪದ ಕೆಳಗೇ ಬಿದ್ದಂತೆ ಕಾಣುವುದು ಸಹಜ.

ಈ ವ್ಯಾಜ್ಯವನ್ನು ತೀರಿಸಬಲ್ಲ ಸಾಧನ ಈಗ ಒದಗಿದೆ. ಚಿಲಿ ದೇಶದ ಬೆಟ್ಟವೊಂದರ ಮೇಲಿನ ವೇರಾ ರೂಬಿನ್ ವೀಕ್ಷಣಾಲಯ ೨೦೨೫ರಲ್ಲಿ ಮೊದಲ ಚಿತ್ರಗಳನ್ನು ಪ್ರಕಟಿಸಿತು. ೮.೪ ಮೀಟರ್ ಅಗಲದ ಅದರ ಕನ್ನಡಿ ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸಲು ನಿರ್ಮಿತವಾದುದು. ಟಾಂಬೊ ಕಣ್ಣಿನಿಂದ ಮಾಡಿದ ಕೆಲಸವನ್ನು ಇಲ್ಲಿ ಯಂತ್ರಗಣಕವೇ ಮಾಡುತ್ತದೆ.

ಗ್ರಹ ಸಿಕ್ಕರೆ ಲವೆರ್ಯೆಯ ವಿಜಯ ಮತ್ತೊಮ್ಮೆ ನಡೆದಂತಾಯಿತು. ಸಿಗದಿದ್ದರೂ ಶ್ರಮ ವ್ಯರ್ಥವೆಂದು ನಾನು ಭಾವಿಸಲಾರೆ. ಲೆಕ್ಕಕ್ಕೂ ಆಕಾಶಕ್ಕೂ ವಿರಸ ಬಂದಾಗ ದೋಷ ಕಾಣದ ವಸ್ತುವಿನದೋ, ನಿಯಮದ್ದೋ, ಅಳತೆಯದೋ ಎಂಬುದನ್ನು ಮೊದಲೇ ತೀರ್ಮಾನಿಸದೆ ನೋಡುತ್ತ ಹೋಗಬೇಕು. ಶಿಲಾಶಾಸನವನ್ನು ಓದುವ ಇತಿಹಾಸಕಾರನಿಗೂ ಬೇಕಾದ ಗುಣ ಇದೇ ಅಲ್ಲವೆ?