ಮೊಣಕೈವರೆಗೆ ಬರಿಗೈ, ಎದೆಯ ಮೇಲೆ ಹೆಸರು

ಬೆಂಗಳೂರಿನ ಜೆ.ಪಿ. ನಗರದ ಎರಡನೇ ಹಂತದಿಂದ ಮಾರೇನಹಳ್ಳಿ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ, ಅದು ಬನ್ನೇರುಘಟ್ಟ ರಸ್ತೆಯನ್ನು ಕೂಡುವಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ. ಅಲ್ಲಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್‌ಗಳಲ್ಲಿ ಜಯನಗರದ ಜನರಲ್ ಆಸ್ಪತ್ರೆ, ಮೂಳೆ ಮುರಿದವರು ಹೋಗುವ ಸಂಜಯ್ ಗಾಂಧಿ ಆಸ್ಪತ್ರೆ, ಮಿದುಳು-ನರರೋಗಗಳ ನಿಮ್ಹಾನ್ಸ್, ಕ್ಯಾನ್ಸರಿನ ಕಿದ್ವಾಯಿ. ಜೆ.ಪಿ. ನಗರದೊಳಗೇ ಆಸ್ಟರ್ ಆರ್.ವಿ., ಆರ್.ವಿ. ದಂತ ಕಾಲೇಜು, ಅಡ್ಡರಸ್ತೆಗಳಲ್ಲಿ ನರ್ಸಿಂಗ್ ಹೋಮ್‌ಗಳು. ಪಾಳಿ ಬದಲಾಗುವ ಹೊತ್ತಿನಲ್ಲಿ ಈ ಭಾಗದ ಬಸ್ ನಿಲ್ದಾಣಗಳಲ್ಲಿ ನಿಂತರೆ ಸುತ್ತಲೂ ಸಮವಸ್ತ್ರದವರೇ: ಬಿಳಿ ಟ್ಯೂನಿಕ್ಕಿನ ನರ್ಸ್‌ಗಳು, ಕೈಮೇಲೆ ಏಪ್ರನ್ ಮಡಚಿ ಹಾಕಿಕೊಂಡ ವೈದ್ಯ ವಿದ್ಯಾರ್ಥಿಗಳು, ಸ್ವಚ್ಛತಾ ವಿಭಾಗದ ಹೆಂಗಸರು, ಲ್ಯಾಬ್ ಹುಡುಗರು.

ಇವರೆಲ್ಲ ಕೆಲಸಕ್ಕೆ ಸೇರಿದ ದಿನ ಕೈಗೆ ಬರುವ ನಿಯಮ ಪುಸ್ತಕದಲ್ಲಿ ಸಾಮಾನ್ಯವಾಗಿ ಎರಡು ಅಧ್ಯಾಯಗಳಿರುತ್ತವೆ. ಒಂದರಲ್ಲಿ ಆಸ್ಪತ್ರೆಯ ಮೌಲ್ಯಗಳು: ಕರುಣೆ, ಪ್ರಾಮಾಣಿಕತೆ, ಗೌರವ. ಇನ್ನೊಂದರಲ್ಲಿ ಉಡುಪಿನ ಶಿಸ್ತು: ಉಗುರು ಕತ್ತರಿಸಿರಬೇಕು, ಕೂದಲು ಕಟ್ಟಿರಬೇಕು, ಮುಂಭಾಗ ಮುಚ್ಚಿದ ಶೂ ಹಾಕಬೇಕು, ಗುರುತಿನ ಚೀಟಿ ಕಾಣುವಂತಿರಬೇಕು. ಮೊದಲನೆಯದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಎರಡನೆಯದು ಮೇಲ್ವಿಚಾರಕರು ಬೈಯುವಾಗ ನೆನಪಾಗುತ್ತದೆ. ಇವೆರಡೂ ಒಂದೇ ಅಧ್ಯಾಯ ಎಂಬುದು ನನ್ನ ಗಟ್ಟಿ ನಂಬಿಕೆ. ಕನಕಪುರದಿಂದಲೋ ಚಾಮರಾಜನಗರದಿಂದಲೋ ಅಪ್ಪನನ್ನು ಕರೆದುಕೊಂಡು ಬಂದ ಮಗನಿಗೆ ಗೋಡೆಯ ಮೇಲಿನ ಕರುಣೆಯನ್ನು ಓದುವ ವ್ಯವಧಾನವಿರುವುದಿಲ್ಲ. ಅಪ್ಪನ ಕೈ ಹಿಡಿದವರ ಉಗುರು, ಅಂಗಿಯ ತೋಳು, ಮಾತಿನ ದನಿ ಇಷ್ಟೇ ಅವನ ಕಣ್ಣಿಗೂ ಕಿವಿಗೂ ಬೀಳುವುದು. ಆಸ್ಪತ್ರೆಯನ್ನು ಅವನು ಅಳೆಯುವುದು ಅದರಿಂದಲೇ.

ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದವರು ನಮ್ಮಲ್ಲೇ ಇದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹತ್ತನೇ ಅಧ್ಯಾಯ, ಕಲಿಕೆ ಮುಗಿಸಿದ ವೈದ್ಯ ರೋಗಿಗಳನ್ನು ನೋಡಲು ಬೀದಿಗಿಳಿಯುವಾಗ ಹೇಗಿರಬೇಕೆಂದು ವಿವರಿಸುತ್ತದೆ. ಉಗುರು, ಕೂದಲು ಚಿಕ್ಕದಾಗಿರಬೇಕು. ಮೈ ಶುಚಿಯಾಗಿರಬೇಕು, ಬಟ್ಟೆ ಬಿಳಿಯದಾಗಿರಬೇಕು. ಕೈಯಲ್ಲಿ ಕೊಡೆ, ಕೋಲು, ಕಾಲಲ್ಲಿ ಪಾದರಕ್ಷೆ. ವೇಷದಲ್ಲಿ ಆಡಂಬರ ಬೇಡ. ಅಲ್ಲಿಗೇ ನಿಲ್ಲದೆ ಅದೇ ವಾಕ್ಯ ಮುಂದುವರಿದು ಮನಸ್ಸು ಒಳ್ಳೆಯದಿರಲಿ, ಆಡುವ ಮಾತು ಶುಭವಾಗಿರಲಿ, ಕಪಟವಿಲ್ಲದಿರಲಿ, ಎಲ್ಲ ಜೀವಿಗಳಿಗೂ ಬಂಧುವಾಗಿರಲಿ ಎನ್ನುತ್ತದೆ. ಉಗುರಿನಿಂದ ಬಂಧುತ್ವದವರೆಗೆ ನಡುವೆ ಎಲ್ಲೂ ಗೆರೆ ಎಳೆದಿಲ್ಲ. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳುವಾಗ ವೈದ್ಯ, ಔಷಧ, ರೋಗಿಯ ಜೊತೆಗೆ ಶುಶ್ರೂಷೆ ಮಾಡುವವರನ್ನೂ ನಿಲ್ಲಿಸುತ್ತದೆ. ಅವರಲ್ಲಿ ಇರಬೇಕಾದದ್ದು ಉಪಚಾರದ ತಿಳಿವಳಿಕೆ, ಚುರುಕು, ಪ್ರೀತಿ ಮತ್ತು ಶುಚಿ. ವೈದ್ಯನ ಗುಣಗಳ ಪಟ್ಟಿಯಲ್ಲೂ ಶುಚಿ ಇದೆ. ಇಬ್ಬರಿಗೂ ಒಂದೇ ಅಳತೆ.

ಪಶ್ಚಿಮದ ವೈದ್ಯಕೀಯ ಈ ತಿಳಿವಳಿಕೆಗೆ ತಲುಪಿದ್ದು ತಡವಾಗಿ. ಹತ್ತೊಂಬತ್ತನೇ ಶತಮಾನದ ಬಹುಪಾಲು ಅಲ್ಲಿನ ಶಸ್ತ್ರವೈದ್ಯರು ಕಪ್ಪು ಕೋಟಿನಲ್ಲೇ ಕೆಲಸ ಮಾಡುತ್ತಿದ್ದರು. ಅಮೆರಿಕದ ಚಿತ್ರಕಾರ ಥಾಮಸ್ ಈಕಿನ್ಸ್ 1875ರಲ್ಲಿ ಬರೆದ ‘ಗ್ರಾಸ್ ಕ್ಲಿನಿಕ್’ ಚಿತ್ರದಲ್ಲಿ ಡಾ. ಗ್ರಾಸ್ ಕಪ್ಪು ಕೋಟು ತೊಟ್ಟು, ರಕ್ತ ಮೆತ್ತಿದ ಬರಿಗೈಯಲ್ಲಿ ಕತ್ತಿ ಹಿಡಿದು ನಿಂತಿದ್ದಾರೆ. ಅದೇ ಈಕಿನ್ಸ್ 1889ರಲ್ಲಿ ಬರೆದ ‘ಆಗ್ನ್ಯೂ ಕ್ಲಿನಿಕ್’ನಲ್ಲಿ ವೈದ್ಯರೆಲ್ಲ ಬಿಳಿಯಲ್ಲಿದ್ದಾರೆ, ಪಕ್ಕದಲ್ಲಿ ನರ್ಸ್ ಕೂಡ ಇದ್ದಾಳೆ. ಆ ಹದಿನಾಲ್ಕು ವರ್ಷಗಳಲ್ಲಿ ಸೂಕ್ಷ್ಮಾಣುವಿನ ವಿಚಾರ ಆಸ್ಪತ್ರೆಯೊಳಕ್ಕೆ ಬಂದು ನೆಲೆಯೂರಿತ್ತು.

ಅದಕ್ಕೂ ಮೊದಲೇ, 1847ರಲ್ಲಿ, ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಕೈಗಳ ಮೇಲೆ ಬೆರಳಿಟ್ಟು ತೋರಿಸಿದ್ದರು. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಬಾಣಂತಿಯರನ್ನು ಮುಟ್ಟುತ್ತಿದ್ದರು. ಕ್ಲೋರಿನ್ ನೀರಿನಲ್ಲಿ ಕೈ ತೊಳೆಯದೆ ಒಳಗೆ ಬರಕೂಡದು ಎಂದು ಅವರು ಕಟ್ಟಪ್ಪಣೆ ಮಾಡಿದ ಮೇಲೆ, ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ತಾಯಂದಿರ ಸಾವು ಜೂನ್ ಹೊತ್ತಿಗೆ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಆಸ್ಪತ್ರೆಯ ಉಡುಪಿನ ನಿಯಮಗಳಲ್ಲಿ ಅರ್ಥವಿರುವವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಕೈಗಳ ಹತ್ತಿರವೇ. ಕೈ ತೊಳೆಯಲು ಅಡ್ಡ ಬರುವುದನ್ನು ತೆಗೆದಿಡಿ, ಅಷ್ಟೆ.

ಹೇಳಲು ಸುಲಭ. ನಮ್ಮಲ್ಲಿ ಕೈ ಎಂದರೆ ಬಳೆ. ಮದುವೆಯಾದ ಹೆಣ್ಣುಮಗಳ ಬರಿಗೈ ಕಂಡರೆ ಅತ್ತೆಯ ಮುಖ ಸಪ್ಪಗಾಗುತ್ತದೆ, ತವರಿನಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುತ್ತಾಳೆ. ಇಂಗ್ಲೆಂಡಿನಲ್ಲಿ 2007ರಲ್ಲಿ ‘ಮೊಣಕೈಯಿಂದ ಕೆಳಗೆ ಏನೂ ಬೇಡ’ ಎಂಬ ನಿಯಮ ಬಂದಾಗ ಅಲ್ಲಿನವರು ಕಳಚಿದ್ದು ಉದ್ದ ತೋಳಿನ ಕೋಟು, ಕೈಗಡಿಯಾರ. ಅದೇ ನಿಯಮ ಬೆಂಗಳೂರಿನ ವಾರ್ಡಿಗೆ ಬಂದರೆ ಅದು ಒಂದು ಮನೆತನದ ನಂಬಿಕೆಯ ಜೊತೆ ಮಾತಾಡಬೇಕಾಗುತ್ತದೆ. ಹಾಗಾಗಿ ಈ ನಿಯಮವನ್ನು ಹೇಗೆ ಹೇಳುತ್ತಾರೆ ಎಂಬುದರಲ್ಲೇ ಆಸ್ಪತ್ರೆಯ ಗುಣ ಗೊತ್ತಾಗುತ್ತದೆ. ‘ಬಳೆ ತೆಗಿ’ ಎಂದು ಗದರುವುದು ಒಂದು ರೀತಿ. ಸೋಂಕು ನಿಯಂತ್ರಣದ ಸಿಸ್ಟರ್ ಹೊಸಬರನ್ನು ಕೂರಿಸಿಕೊಂಡು, ನೀಲಿ ಬೆಳಕಿನಲ್ಲಿ ಹೊಳೆಯುವ ದ್ರವವನ್ನು ಕೈಗೆ ಸವರಿ, ತೊಳೆಸಿ, ಮತ್ತೆ ಆ ಬೆಳಕಿನ ಕೆಳಗೆ ಹಿಡಿಸುವುದು ಇನ್ನೊಂದು ರೀತಿ. ಬಳೆಯ ಅಡಿ, ಉಂಗುರದ ಸುತ್ತ, ಉಗುರಿನ ಸಂದಿ ಇನ್ನೂ ಹೊಳೆಯುತ್ತಲೇ ಇರುವುದನ್ನು ಕಣ್ಣಾರೆ ಕಂಡವರು ಮನೆಗೆ ಹೋಗಿ ಅತ್ತೆಗೂ ವಿವರಿಸಬಲ್ಲರು. ಉಂಗುರದಡಿಯ ಚರ್ಮದಲ್ಲಿ ಉಳಿದ ಕಡೆಗಿಂತ ಹೆಚ್ಚು ಸೂಕ್ಷ್ಮಾಣುಗಳಿರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಹೇಳುತ್ತದೆ. ಉಗುರಿನ ತುದಿ ಅರ್ಧ ಸೆಂಟಿಮೀಟರ್ ಮೀರಬಾರದು, ಕೃತಕ ಉಗುರು ಬೇಡವೇ ಬೇಡ. ಸೋಪಿನಲ್ಲಾದರೆ 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣದಲ್ಲಾದರೆ 20ರಿಂದ 30 ಸೆಕೆಂಡು ಕೈ ಉಜ್ಜಬೇಕು.

ಹೆಣ್ಣುಮಕ್ಕಳು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಬಳೆ ಕಳಚಿ ಪರ್ಸಿನೊಳಗಿಟ್ಟು ಲಾಕರಿಗೆ, ಪಾಳಿ ಮುಗಿದ ಮೇಲೆ ಮತ್ತೆ ಕೈಗೆ. ಮಾಂಗಲ್ಯ ತೂಗಾಡದಂತೆ ಸಮವಸ್ತ್ರದ ಒಳಗೆ. ಕುಂಕುಮಕ್ಕೆ ಯಾರ ಅಡ್ಡಿಯೂ ಇಲ್ಲ. ಮಲ್ಲಿಗೆ ಮಾತ್ರ ಎಸಳು ಉದುರಿಸುವುದರಿಂದ ವಾರ್ಡಿಗೆ ಬೇಡ. ಗಂಡಸರ ಕೈಯನ್ನು ಇಷ್ಟು ಕಟ್ಟುನಿಟ್ಟಾಗಿ ನೋಡುವವರು ಕಡಿಮೆ ಎಂಬುದು ನನ್ನ ತಕರಾರು. ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ತಿಂಗಳುಗಟ್ಟಲೆ ಮಣಿಕಟ್ಟಿನಲ್ಲಿ ನೆನೆದು, ಒಣಗಿ, ಮತ್ತೆ ನೆನೆಯುತ್ತದೆ. ಬಳೆಯನ್ನಾದರೂ ತೊಳೆಯಬಹುದು. ದಾರ ಕಟ್ಟಿಕೊಂಡವರು ಹಿರಿಯ ಡಾಕ್ಟರೇ ಆಗಿದ್ದರೂ ನಿಯಮ ಅವರಿಗೂ ಸಲ್ಲಬೇಕು. ತಲೆವಸ್ತ್ರಕ್ಕೋ ಪೇಟಕ್ಕೋ ಕೊರಳ ಶಿಲುಬೆಗೋ ಸೂಕ್ಷ್ಮಾಣುವಿನ ಜೊತೆ ವಿಶೇಷ ನಂಟೇನೂ ಇಲ್ಲ. ಒಗೆದದ್ದಾಗಿದ್ದು, ರೋಗಿಯ ಮೇಲೆ ತೂಗಾಡದಂತೆ ಒಳಗೆ ಸಿಕ್ಕಿಸಿದ್ದರೆ ಸಾಕು. ರೋಗಿಗೆ ಒಳಿತಾಗುವ ಕಾರಣವೊಂದನ್ನು ತೋರಿಸಲಾಗದ ನಿಯಮವನ್ನು ಪುಸ್ತಕದಿಂದ ತೆಗೆದುಹಾಕುವುದೇ ಒಳ್ಳೆಯದು.

ಇದೇ ಅಳತೆಗೋಲಿನಲ್ಲಿ ಬಿಳಿ ಕೋಟನ್ನೂ ಅಳೆಯಬೇಕು. 2015ರಲ್ಲಿ ಮಂಗಳೂರಿನ ಯುವ ವೈದ್ಯ ಎಡ್ಮಂಡ್ ಫರ್ನಾಂಡಿಸ್, ಭಾರತದ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಬಿಳಿ ಕೋಟು ತೊಡುವುದನ್ನು ನಿಲ್ಲಿಸಬೇಕು ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಕರಾವಳಿಯ ಸೆಕೆಯಲ್ಲಿ ಉದ್ದ ತೋಳಿನ ಕೋಟು, ಅದನ್ನು ದಿನವೂ ಒಗೆಯದಿರುವುದು, ಅದೇ ಕೋಟಿನಲ್ಲಿ ಊರೆಲ್ಲ ತಿರುಗುವುದು: ಈ ಮೂರು ಸೇರಿದರೆ ಕೋಟು ಸೋಂಕಿನ ವಾಹನವಾಗುತ್ತದೆ. ದರ್ಶಿನಿಯ ಮುಂದೆ ಏಪ್ರನ್‌ನಲ್ಲೇ ನಿಂತು ಇಡ್ಲಿ ತಿನ್ನುವ ಹುಡುಗ ಹುಡುಗಿಯರನ್ನು ದಕ್ಷಿಣ ಬೆಂಗಳೂರಿನವರೆಲ್ಲ ನೋಡಿದ್ದೇವೆ. ಐದು ವರ್ಷ ಕಷ್ಟಪಟ್ಟು ಗಳಿಸುತ್ತಿರುವ ಬಟ್ಟೆಯ ಮೇಲೆ ಅವರಿಗಿರುವ ಹೆಮ್ಮೆ ನನಗೆ ಅರ್ಥವಾಗುತ್ತದೆ. ಆದರೂ ಆ ಏಪ್ರನ್ ವಾರ್ಡಿನ ಬಾಗಿಲ ಬಳಿ ಕಳಚಬೇಕಾದದ್ದು. ಬಣ್ಣದ ವಿಚಾರವೂ ಹೀಗೆಯೇ. ಸ್ಯಾನ್ ಫ್ರಾನ್ಸಿಸ್ಕೋದ ಶಸ್ತ್ರವೈದ್ಯ ಹ್ಯಾರಿ ಶೆರ್ಮನ್ 1914ರಲ್ಲಿ ಆಪರೇಷನ್ ಥಿಯೇಟರಿಗೆ ಹಸಿರು ಬಟ್ಟೆ ತಂದದ್ದು, ಬಿಳಿಯ ಪ್ರಖರತೆಯಲ್ಲಿ ರಕ್ತದ ಕೆಂಪನ್ನೇ ದಿಟ್ಟಿಸುವ ಕಣ್ಣು ದಣಿಯುತ್ತದೆಂಬ ಕಾರಣಕ್ಕೆ.

ಬಣ್ಣ ಗುರುತಿಗೂ ಬೇಕು. ಹಾಸಿಗೆಯಲ್ಲಿ ಮಲಗಿದವರಿಗೆ ದಿನಕ್ಕೆ ಹತ್ತಾರು ಮುಖಗಳು. ಇವರಲ್ಲಿ ಡಾಕ್ಟರ್ ಯಾರು, ಸಿಸ್ಟರ್ ಯಾರು, ಫಿಸಿಯೋಥೆರಪಿಯವರು ಯಾರು? ಕೆಲವು ಆಸ್ಪತ್ರೆಗಳು ಒಂದೊಂದು ವಿಭಾಗಕ್ಕೆ ಒಂದೊಂದು ಬಣ್ಣ ಕೊಡುತ್ತವೆ. ಬಣ್ಣಕ್ಕಿಂತ ಹೆಚ್ಚು ಕೆಲಸ ಮಾಡುವುದು ಹೆಸರು. ಬ್ರಿಟನ್ನಿನ ವೈದ್ಯೆ ಕೇಟ್ ಗ್ರೇಂಜರ್ ತಾವೇ ಕ್ಯಾನ್ಸರ್ ರೋಗಿಯಾಗಿ 2013ರಲ್ಲಿ ಆಸ್ಪತ್ರೆ ಸೇರಿದಾಗ, ತಮ್ಮನ್ನು ನೋಡಲು ಬಂದವರಲ್ಲಿ ಎಷ್ಟೋ ಮಂದಿ ತಮ್ಮ ಹೆಸರನ್ನೇ ಹೇಳದಿದ್ದುದನ್ನು ಗಮನಿಸಿದರು. ‘ನಮಸ್ಕಾರ, ನನ್ನ ಹೆಸರು ಹೀಗೆ’ ಎಂದು ಮಾತು ಶುರುಮಾಡಿ ಎಂಬ ಅವರ ಸಣ್ಣ ಕೋರಿಕೆ ದೊಡ್ಡ ಆಂದೋಲನವಾಯಿತು. 2016ರಲ್ಲಿ ಅವರು ತೀರಿಕೊಂಡರು. ಮರುವರ್ಷ ಸಿಡ್ನಿಯ ಅರಿವಳಿಕೆ ತಜ್ಞ ರಾಬ್ ಹ್ಯಾಕೆಟ್ ಥಿಯೇಟರಿನ ಟೋಪಿಯ ಮೇಲೆಯೇ ತಮ್ಮ ಹೆಸರನ್ನೂ ಕೆಲಸವನ್ನೂ ಬರೆದುಕೊಂಡರು. ಮಾಸ್ಕ್ ಹಾಕಿದ ಮೇಲೆ ತಂಡದವರಿಗೇ ಒಬ್ಬರ ಗುರುತು ಒಬ್ಬರಿಗೆ ಸಿಗುವುದಿಲ್ಲ, ತುರ್ತಿನಲ್ಲಿ ‘ನೀವು ಕೊಡಿ’ ಎಂದರೆ ಯಾರು ಕೊಡಬೇಕು?

ನಮ್ಮ ಆಸ್ಪತ್ರೆಗಳ ಬ್ಯಾಡ್ಜ್‌ಗಳಲ್ಲಿ ಹೆಸರಿದೆ, ಹೆಚ್ಚಿನವು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂಬ 2024ರ ತಿದ್ದುಪಡಿ ಆಸ್ಪತ್ರೆಗಳನ್ನೂ ಹೆಸರಿಸಿ ಒಳಗೊಳ್ಳುತ್ತದೆ. ಹಾಗಾಗಿ ಕಟ್ಟಡದ ನೆತ್ತಿಯ ಮೇಲೆ ಕನ್ನಡ ಬಂದಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ಆಸ್ಪತ್ರೆಗಳ ಔಷಧ ಚೀಟಿ ಕನ್ನಡದಲ್ಲಿರಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಚೀಟಿಯ ಚರ್ಚೆ ನಡೆಯಲಿ. ಅದಕ್ಕಿಂತ ಸುಲಭವಾದದ್ದು ಎದೆಯ ಮೇಲಿನ ಬ್ಯಾಡ್ಜ್. ಕೊಟ್ಟಾಯಂನಿಂದ ಬಂದ ಸಿಸ್ಟರ್ ಇರಲಿ, ಮಣಿಪುರದಿಂದ ಬಂದ ಬ್ರದರ್ ಇರಲಿ, ಅವರ ಹೆಸರು ದಪ್ಪ ಕನ್ನಡ ಅಕ್ಷರದಲ್ಲಿದ್ದರೆ ಹಾಸಿಗೆಯಲ್ಲಿರುವ ಅಜ್ಜಿ ಹೆಸರು ಹಿಡಿದು ಕರೆಯುತ್ತಾರೆ. ಕರೆದ ಮೇಲೆ ‘ಏನಜ್ಜಿ?’ ಎಂದು ತಿರುಗಿ ಕೇಳುವಷ್ಟು ಕನ್ನಡ ತಾನಾಗಿ ಬರುತ್ತದೆ.

ಮೌಲ್ಯದ ಮಾತು ಬಂದಾಗ ಈ ಭಾಗದ ಜನರಿಗೆ ಮೊದಲು ನೆನಪಾಗುವುದು ಜಯದೇವ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅದರ ನಿರ್ದೇಶಕರಾಗಿದ್ದು 2024ರ ಜನವರಿಯಲ್ಲಿ ನಿವೃತ್ತರಾದ ಡಾ. ಸಿ.ಎನ್. ಮಂಜುನಾಥ್, ಮೊದಲು ಚಿಕಿತ್ಸೆ, ಹಣ ಆಮೇಲೆ ಎಂಬ ನಿಲುವನ್ನು ಒಂದು ಸರ್ಕಾರಿ ಸ್ವಾಯತ್ತ ಸಂಸ್ಥೆಯ ದಿನನಿತ್ಯದ ರೂಢಿಯಾಗಿಸಿದರು. ಖಾಸಗಿಯವರಿಗೂ ಈ ವಿಷಯದಲ್ಲಿ ಕಾನೂನಿನ ಕಟ್ಟುಪಾಡಿದೆ: ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ತುರ್ತು ಸ್ಥಿತಿಯಲ್ಲಿ ಮುಂಗಡ ಕೇಳುವಂತಿಲ್ಲ, ಬಾಕಿಗಾಗಿ ಶವವನ್ನು ತಡೆಹಿಡಿಯುವಂತಿಲ್ಲ. ಕ್ಯಾಷ್ ಕೌಂಟರಿನಲ್ಲಿ ಕುಳಿತವರು ಇದನ್ನು ಪಾಲಿಸದಿದ್ದರೆ ಒಳಗೆ ನರ್ಸ್ ಎಷ್ಟು ಶುಭ್ರವಾಗಿದ್ದರೂ ಆ ಬಿಳುಪಿಗೆ ಬೆಲೆ ಬರುವುದಿಲ್ಲ.

ಇನ್ನು ಒಂದು ಮಾತು, ಸಮವಸ್ತ್ರ ಒಗೆಯುವವರು ಯಾರು ಎಂಬ ಬಗ್ಗೆ. ಥಿಯೇಟರಿನ ಬಟ್ಟೆ ಆಸ್ಪತ್ರೆಯ ಲಾಂಡ್ರಿಗೆ ಹೋಗುತ್ತದೆ. ವಾರ್ಡಿನ ಸಮವಸ್ತ್ರ ಬಹುಪಾಲು ಮನೆಗೆ ಬರುತ್ತದೆ, ಮಕ್ಕಳ ಬಟ್ಟೆಯ ಜೊತೆ ಅದೇ ಬಕೆಟ್ಟಿಗೆ ಬೀಳುತ್ತದೆ. ಗುತ್ತಿಗೆಯಲ್ಲಿ ದುಡಿಯುವ ಸ್ವಚ್ಛತಾ ಸಿಬ್ಬಂದಿಯಿಂದ ದಿನವೂ ಇಸ್ತ್ರಿ ಹಾಕಿದ ಅಂಗಿ ಬಯಸುವ ಆಸ್ಪತ್ರೆ ಅವರಿಗೆ ಎಷ್ಟು ಜೊತೆ ಕೊಡುತ್ತದೆ? ಕೇವಲ ಎರಡು ಜೊತೆ ಕೊಟ್ಟರೆ ಮಳೆಗಾಲದಲ್ಲಿ ಒದ್ದೆಯದನ್ನೇ ತೊಟ್ಟು ಬರಬೇಕಾಗುತ್ತದೆ. ರಕ್ತ, ಸೂಜಿ, ಆಸಿಡ್ ಎಲ್ಲದರ ನಡುವೆ ನೆಲ ಒರೆಸುವವರಿಗೆ ಮುಚ್ಚಿದ ಶೂ ಎಲ್ಲರಿಗಿಂತ ಮೊದಲು ಸಿಗಬೇಕು. ಎಷ್ಟೋ ಕಡೆ ಹವಾಯಿ ಚಪ್ಪಲಿಯಲ್ಲೇ ಓಡಾಡುವವರೂ ಅವರೇ. ಬಟ್ಟೆ ಬದಲಿಸಲು ಬಾಗಿಲಿಗೆ ಚಿಲಕವಿರುವ ಕೋಣೆ, ಬಳೆಯಿಡಲು ಬೀಗವಿರುವ ಲಾಕರ್, ವರ್ಷಕ್ಕೆ ಸಾಲುವಷ್ಟು ಬಟ್ಟೆ, ಕೊಳೆಯಾದದ್ದನ್ನು ಅಲ್ಲೇ ಹಾಕಿ ಹೋಗಲು ಲಾಂಡ್ರಿ. ನಿಯಮ ಪುಸ್ತಕದಲ್ಲಿ ಉಡುಪಿನ ಅಧ್ಯಾಯ ಬರೆಯುವ ಆಡಳಿತ ಮಂಡಳಿ, ಇವನ್ನು ತಾನು ಒದಗಿಸುತ್ತೇನೆಂಬ ಪುಟವನ್ನೂ ಅದೇ ಅಧ್ಯಾಯದ ಮೊದಲಿಗೆ ಬರೆದು ಸಹಿ ಹಾಕಲಿ. ಆಮೇಲೆ ಬಳೆ, ದಾರ, ಉಗುರು ಎಲ್ಲದರ ಮಾತಾಡಲಿ.