ಹೆಸರಾದ ಮರಕ್ಕೆ ವಿಷವಿಟ್ಟರೆ

ಊರ ಬಾಗಿಲಿನ ಆಲ, ಎರಡು ತೋಟಗಳ ಗಡಿಯ ಹಲಸು, ಬಸ್ಸು ನಿಲ್ಲುವ ಅರಳಿಕಟ್ಟೆ: ಇಂಥ ಮರಗಳ ಗುರುತಿನಿಂದಲೇ ನಮ್ಮಲ್ಲಿ ದಾರಿ ಹೇಳುವುದು ವಾಡಿಕೆ. ಇವು ಗಾಳಿಗೋ ಸಿಡಿಲಿಗೋ ಬಿದ್ದರೆ ಯಾರನ್ನೂ ದೂರುವಂತಿಲ್ಲ. ಆದರೆ ಬೇಕೆಂದೇ ಮರ ಕೊಲ್ಲುವವರೂ ಇದ್ದಾರೆ. ಗಡಿ ತಕರಾರು, ಅಂಗಡಿಯ ಬೋರ್ಡಿಗೆ ಅಡ್ಡ, ಪಕ್ಕದವರ ಗಿಡಕ್ಕೆ ನೆರಳು ಹೆಚ್ಚಾಯಿತೆಂಬ ದೂರು; ಕಾರಣಗಳು ಬಹಳ ಸಣ್ಣವು. ಕೊಲ್ಲುವ ಬಗೆಗಳನ್ನು ಬೆಳೆಗಾರರು ತಿಳಿದಿದ್ದರೆ ಹೊತ್ತಿಗೆ ಗುರುತಿಸಿ ಕೆಲವು ಮರಗಳನ್ನಾದರೂ ಉಳಿಸಿಕೊಳ್ಳಬಹುದು.

ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ‘ಟ್ರೀಟಿ ಓಕ್’ ಎಂಬ ಮರವಿದೆ. ವಯಸ್ಸು ಸುಮಾರು 500 ವರ್ಷವೆಂದು ಅಂದಾಜು. (ನಮ್ಮ ಸಿಲ್ವರ್ ಓಕ್ ಹೆಸರಿಗಷ್ಟೇ ಓಕ್, ಅದು ಆಸ್ಟ್ರೇಲಿಯಾದಿಂದ ಬಂದ, ಬೇರೆಯೇ ಕುಲದ ಮರ.) 1937ರಲ್ಲಿ ನಗರಸಭೆ ಅದು ನಿಂತ ಜಾಗವನ್ನು 1,000 ಡಾಲರ್ ಕೊಟ್ಟು ಕೊಂಡುಕೊಂಡಿತ್ತು. 1989ರಲ್ಲಿ ಬುಡದ ಹುಲ್ಲು ಸತ್ತು, ಮರದ ಎಲೆಗಳು ಕೆಟ್ಟು ಉದುರತೊಡಗಿದವು. ಪರೀಕ್ಷೆ ಮಾಡಿಸಿದಾಗ ಮಣ್ಣಿನಲ್ಲಿ ‘ವೆಲ್ಪಾರ್’ ಎಂಬ ಕಳೆನಾಶಕ ಸಿಕ್ಕಿತು. ಸುರಿದಿದ್ದ ಪ್ರಮಾಣ ನೂರು ಮರಗಳನ್ನು ಕೊಲ್ಲಲು ಸಾಕಾಗುವಷ್ಟಿತ್ತೆಂದು ತಜ್ಞರು ಹೇಳಿದರು.

ವೆಲ್ಪಾರ್‌ನಲ್ಲಿರುವ ಹೆಕ್ಸಾಜಿನೋನ್ ಮಣ್ಣಿನ ತೇವದಲ್ಲಿ ಕರಗಿ ಬೇರಿನ ಮೂಲಕ ಎಲೆಗೆ ಏರುತ್ತದೆ. ಅಲ್ಲಿ ಬಿಸಿಲಿನಿಂದ ಆಹಾರ ತಯಾರಾಗುವ ಕ್ರಿಯೆಯನ್ನೇ ನಿಲ್ಲಿಸುತ್ತದೆ. ಎಲೆ ಉದುರುತ್ತದೆ. ಮರವು ಕಾಂಡದಲ್ಲೂ ಬೇರಿನಲ್ಲೂ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ಮತ್ತೆ ಚಿಗುರುತ್ತದೆ. ಆ ಚಿಗುರಿಗೂ ವಿಷ ಏರುತ್ತದೆ. ಹೀಗೆ ಚಿಗುರಿ ಚಿಗುರಿಯೇ ಮರ ಬರಿದಾಗುತ್ತದೆ. ‘ಚಿಗುರು ಬಂತಲ್ಲ, ಬದುಕಿತು’ ಎಂದು ನಾವು ಸಮಾಧಾನಪಟ್ಟುಕೊಳ್ಳುವ ಹೊತ್ತಿಗೆ ಅದು ತನ್ನ ಗಂಟನ್ನು ಕರಗಿಸುತ್ತಿರುತ್ತದೆ.

ಆಸ್ಟಿನ್‌ನವರು ಬುಡದ ಮಣ್ಣು ತೆಗೆದು ಹೊಸ ಮಣ್ಣು ತುಂಬಿದರು. ಬಿಸಿಲು ತಾಗದಂತೆ ಪರದೆ ಕಟ್ಟಿ, ಎಲೆಗಳ ಮೇಲೆ ಚಿಲುಮೆಯ ನೀರು ಸಿಂಪಡಿಸಿದರು. ಸಕ್ಕರೆಯನ್ನೂ ಕೊಟ್ಟು ನೋಡಿದರು. ರಾಸ್ ಪೆರೋ ಎಂಬ ದೊಡ್ಡ ಉದ್ಯಮಿ ಖರ್ಚನ್ನು ವಹಿಸಿಕೊಂಡರು. ಇಷ್ಟೆಲ್ಲಾ ಆದರೂ ಮರದ ಸುಮಾರು ಮೂರರಲ್ಲಿ ಎರಡು ಪಾಲು ಸತ್ತಿತು, ಒಂದು ಪಾಲು ಉಳಿಯಿತು. ವಿಷವಿಟ್ಟವನು ಪ್ರೇಮಭಂಗದ ಮೇಲೆ ಮಾಟದಂತೆ ಇದನ್ನು ಮಾಡಿದನೆಂದು ವಿಚಾರಣೆಯಲ್ಲಿ ಹೇಳಲಾಯಿತು. 1990ರಲ್ಲಿ ಅವನಿಗೆ 9 ವರ್ಷ ಸೆರೆಯಾಯಿತು. ಮರ ಮತ್ತೆ ಕಾಯಿ ಬಿಟ್ಟದ್ದು 1997ರಲ್ಲಿ.

ನಮ್ಮ ಔಷಧಿ ಕೋಣೆಯ ಡಬ್ಬಿಗಳ ವಿಷಯ ಇಲ್ಲಿ ಹೇಳಬೇಕು. ಗ್ಲೈಫೋಸೇಟ್ ಮಣ್ಣಿಗೆ ಬಿದ್ದರೆ ಬಹುಮಟ್ಟಿಗೆ ಮಣ್ಣಿನ ಕಣಗಳಿಗೇ ಅಂಟಿಕೊಳ್ಳುತ್ತದೆ. ಬೇರಿಗೆ ಸಿಗುವುದು ಕಡಿಮೆ. ಅದರ ಅಪಾಯವಿರುವುದು ಎಲೆಗೆ, ಎಳೆಯ ಹಸಿರು ತೊಗಟೆಗೆ, ಕಡಿದ ಗಾಯಕ್ಕೆ ತಾಗಿದಾಗ. ಡೈಯುರಾನ್, ಅಟ್ರಾಜಿನ್ ಹಾಗಲ್ಲ. ಹೆಕ್ಸಾಜಿನೋನಿನಂತೆ ಇವೂ ಬೇರಿನಿಂದ ಏರಿ ಎಲೆಯ ಕೆಲಸ ನಿಲ್ಲಿಸುವಂಥವು. ಯಾರದೋ ದ್ವೇಷ ಬೇಕಿಲ್ಲ, ಮರದ ಬುಡದಲ್ಲಿ ಸ್ಪ್ರೇಯರ್ ತೊಳೆಯುವ ನಮ್ಮದೇ ಆಳು ಸಾಕು.

ಹಳ್ಳಿಗಳಲ್ಲಿ ಹೆಚ್ಚು ಕಾಣುವುದು ತೊಗಟೆಯನ್ನು ಸುತ್ತಲೂ ಉಂಗುರದಂತೆ ಸುಲಿಯುವ ಬಗೆ. ನೀರು ಏರುವ ದಾರಿ ಒಳಗಿನ ಮರದಲ್ಲಿದೆ, ಎಲೆಯ ಆಹಾರ ಬೇರಿಗೆ ಇಳಿಯುವ ದಾರಿ ತೊಗಟೆಯಲ್ಲಿದೆ. ಸುಲಿದರೆ ನೀರು ಏರುತ್ತಲೇ ಇರುತ್ತದೆ, ಎಲೆ ತಿಂಗಳುಗಟ್ಟಲೆ ಹಸಿರಾಗಿಯೇ ಕಾಣಬಹುದು. ಕೆಳಗೆ ಬೇರು ಉಪವಾಸ ಬಿದ್ದಿರುತ್ತದೆ. ಮರ ಒಣಗುವ ಹೊತ್ತಿಗೆ ಯಾರು ಮಾಡಿದರೆಂಬುದು ಮರೆತೇಹೋಗಿರುತ್ತದೆ. ಹಸಿ ಗಾಯವಿದ್ದಾಗಲೇ ಕಂಡರೆ ಉಪಾಯವುಂಟು. ಅದೇ ಮರದ ಎಳೆ ಕಡ್ಡಿಗಳನ್ನು ಗಾಯದ ಕೆಳಗಿನ ತೊಗಟೆಯಿಂದ ಮೇಲಿನ ತೊಗಟೆಗೆ ಸೇತುವೆಯಂತೆ ಕಸಿ ಮಾಡಿ, ಒಣಗದಂತೆ ಮೇಣ ಹಚ್ಚಿ ಕಟ್ಟಬೇಕು. ಕಸಿ ಬಲ್ಲ ಕೈಗೆ ಇದು ಕಷ್ಟವಲ್ಲ. ಅಡಿಕೆ, ತೆಂಗು, ಬಗನಿಗಳಲ್ಲಿ ಈ ಎರಡೂ ದಾರಿಗಳು ಕಾಂಡದ ತುಂಬ ಹರಡಿರುವುದರಿಂದ ಸಿಪ್ಪೆ ಸುಲಿದು ಕೊಲ್ಲಲಾಗದು. ಆದರೆ ಸುಳಿ ಕೆಟ್ಟರೆ ಮುಗಿಯಿತು.

ಪೂರ್ತಿ ಕಡಿದ ಮರವೂ ಕೆಲವೊಮ್ಮೆ ಬದುಕುತ್ತದೆ. ಇಂಗ್ಲೆಂಡಿನ ಹಳೆಯ ರೋಮನ್ ಗೋಡೆಯ ತಗ್ಗಿನಲ್ಲಿದ್ದ ಪ್ರಸಿದ್ಧ ಸಿಕಮೋರ್ ಮರವನ್ನು 2023ರ ಸೆಪ್ಟೆಂಬರ್‌ನ ಒಂದು ರಾತ್ರಿ ಇಬ್ಬರು ಯಂತ್ರಗರಗಸದಿಂದ ಉರುಳಿಸಿದರು. 2025ರ ಜುಲೈನಲ್ಲಿ ಇಬ್ಬರಿಗೂ 4 ವರ್ಷ 3 ತಿಂಗಳ ಸೆರೆಯಾಯಿತು. ಅಷ್ಟರಲ್ಲೇ, 2024ರ ಬೇಸಿಗೆಯಲ್ಲಿ, ಆ ಕೊರಡಿನ ಬುಡದಿಂದ ಎಂಟು ಚಿಗುರುಗಳು ಬಂದಿದ್ದವು. ಹಳೆಯ ಕಾಫಿ ಗಿಡವನ್ನು ಬುಡಕ್ಕೆ ಕಡಿದು ಚಿಗುರೆಬ್ಬಿಸುವ ನಮಗೆ ಇದು ಹೊಸತಲ್ಲ. ಬೇರಿನಲ್ಲಿ ಗಂಟು ಉಳಿದಿದ್ದರೆ ಮರ ಏಳುತ್ತದೆ. ವಿಷ ಮತ್ತು ಉಂಗುರ ಎರಡೂ ಆ ಗಂಟನ್ನೇ ಬರಿದು ಮಾಡುತ್ತವೆ.

ಅನುಮಾನ ಬಂದ ದಿನವೇ ಬುಡದ ಮಣ್ಣನ್ನೂ ಕೆಟ್ಟ ಎಲೆಯನ್ನೂ ಬೇರೆ ಬೇರೆ ಚೀಲಗಳಲ್ಲಿ ಕಟ್ಟಿ, ತಾರೀಕು ಬರೆದಿಡಿ. ಗಾಯದ ಫೋಟೋ ತೆಗೆಯಿರಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಅದರಡಿಯ ವೃಕ್ಷಾಧಿಕಾರಿಗೆ ದೂರನ್ನು ಬರಹದಲ್ಲೇ ಕೊಟ್ಟು, ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಮಳೆ ಬೀಳುವ ಮುಂಚೆ ವಿಷ ಬಿದ್ದ ಮೇಲ್ಮಣ್ಣನ್ನು ಕೆರೆದು ತೆಗೆಯಿರಿ; ಅದನ್ನು ತೋಟದ ಗುಂಡಿಗಾಗಲಿ ಹಳ್ಳದ ಕಡೆಗಾಗಲಿ ಹಾಕಬಾರದು.