ಸಣ್ಣ ಅಂಗಡಿಗೊಂದು ಜಾಲತಾಣ

ಅಂಗಡಿ ಇಡುವವನು ಮೊದಲು ನೋಡುವುದು ದಾರಿಯನ್ನು. ಸರಕು ಎಷ್ಟೇ ಒಳ್ಳೆಯದಾಗಿರಲಿ, ಜನ ಓಡಾಡದ ಕಡೆ ಬಾಗಿಲು ತೆರೆದು ಕುಳಿತರೆ ಕೊಳ್ಳುವವರಾರು? ಆದುದರಿಂದಲೇ ನಮ್ಮ ಹಿರಿಯರು ಪೇಟೆಬೀದಿ, ದೇವಸ್ಥಾನದ ಬೀದಿ, ಬಸ್ ನಿಲ್ದಾಣದ ಎದುರು ಮುಂತಾದ ಜಾಗಗಳನ್ನು ಹುಡುಕಿ, ಬಾಡಿಗೆ ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲವೆಂದು ಅಲ್ಲಿಯೇ ಅಂಗಡಿ ಹಾಕಿದರು. ಆದರೆ ದಾರಿಯೇ ಎದ್ದು ಬೇರೆಡೆಗೆ ಹೋದರೆ ಏನು ಮಾಡಬೇಕು?

ಚನ್ನಪಟ್ಟಣದಲ್ಲಿ ಆದದ್ದು ಹೀಗೆಯೇ. ಬೆಂಗಳೂರಿಗೆ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಈ ಊರು ಬಣ್ಣದ ಗೊಂಬೆಗಳಿಗೆ ಹೆಸರಾದದ್ದು. ಹಾಲೆಮರದ ತುಂಡನ್ನು ಯಂತ್ರಕ್ಕೆ ಕೊಟ್ಟು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ಆಮೇಲೆ ತಾಳೆಗರಿಯಿಂದ ಉಜ್ಜಿ ಮೆರುಗು ಕೊಡುವುದು ಇಲ್ಲಿಯ ಕಸುಬು. ಬೆಂಗಳೂರು–ಮೈಸೂರು ಹೆದ್ದಾರಿ ಊರೊಳಗೆ ಹಾದುಹೋಗುತ್ತಿದ್ದಷ್ಟು ಕಾಲ ದಾರಿಯ ಬದಿಯ ಅಂಗಡಿಗಳು ತಾವೇ ತಮ್ಮ ಜಾಹೀರಾತಾಗಿದ್ದವು. ಮಕ್ಕಳು ಕಾರಿನ ಕಿಟಕಿಯಿಂದ ಗೊಂಬೆ ಕಂಡು ಹಟ ಹಿಡಿದರೆ ತಂದೆ ಗಾಡಿ ನಿಲ್ಲಿಸಲೇಬೇಕಾಗಿತ್ತು. 2023ರ ಮಾರ್ಚ್ ತಿಂಗಳಿನಲ್ಲಿ ಹೊಸ ವೇಗದ ಹೆದ್ದಾರಿಯ ಉದ್ಘಾಟನೆಯಾಯಿತು. ಅದು ಊರನ್ನು ಬಳಸಿಕೊಂಡು ಹೊರಗಿನಿಂದಲೇ ಸಾಗುತ್ತದೆ. ಪ್ರಯಾಣದ ಹೊತ್ತು ಉಳಿಯಿತು, ನಿಜ. ಹಳೆಯ ದಾರಿಯ ಅಂಗಡಿಗಳ ಮುಂದೆ ನಿಲ್ಲುವ ಗಾಡಿಗಳು ಮಾತ್ರ ಕಡಮೆಯಾದವು.

ಇಂಥ ಒಂದು ಗೊಂಬೆ ಅಂಗಡಿಯವರು ತಮಗೊಂದು ಜಾಲತಾಣ ಬೇಕೆಂದು ಮನಸ್ಸು ಮಾಡಿದರೆನ್ನಿ. ಹೇಗೆ ಹೊರಡಬೇಕು? ಗೊಂಬೆಯ ಬದಲು ಉಪ್ಪಿನಕಾಯಿ, ಸೀರೆ, ಊದುಬತ್ತಿ, ಹೊಲಿಗೆ, ಮನೆಪಾಠ ಎಂದು ಓದಿಕೊಂಡರೂ ಅಡ್ಡಿಯಿಲ್ಲ. ಮುಂದೆ ಹೇಳುವುದೆಲ್ಲ ನಿಮ್ಮ ವ್ಯಾಪಾರಕ್ಕೂ ಹೊಂದುತ್ತದೆ.

ಜಾಲತಾಣಕ್ಕೆ ಬೇಕಾದವು ನಾಲ್ಕೇ ಸಾಮಗ್ರಿ: ಒಂದು ಹೆಸರು, ಒಂದು ಜಾಗ, ಕೆಲವು ಪುಟಗಳು, ಒಂದು ಬೀಗ. ಪುಟಗಳೆಂದರೆ ಕಂಪ್ಯೂಟರಿನಲ್ಲಿ ಬರೆದಿಟ್ಟ ಕಡತಗಳು. ಹಗಲಿರುಳೂ ಚಾಲೂ ಇದ್ದು, ಕೇಳಿದವರಿಗೆ ಆ ಕಡತಗಳನ್ನು ಕಳಿಸಿಕೊಡುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಅದರಲ್ಲಿ ನಾವು ಬಾಡಿಗೆಗೆ ಹಿಡಿಯುವ ಸ್ಥಳವೇ ನಮ್ಮ ಜಾಗ. ಹೀಗೆ ಸ್ಥಳ ಕೊಡುವ ಕೆಲಸಕ್ಕೆ ಹೋಸ್ಟಿಂಗ್ ಎನ್ನುತ್ತಾರೆ. ಪ್ರತಿಯೊಂದು ಸರ್ವರಿಗೂ ಟೆಲಿಫೋನಿಗೆ ಇರುವಂತೆ ಒಂದು ಅಂಕೆಯ ವಿಳಾಸವುಂಟು. ಅಂಕೆಗಳನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟ. ಆದುದರಿಂದ ಹೆಸರು ಹೇಳಿದರೆ ಅಂಕೆಯನ್ನು ಹುಡುಕಿಕೊಡುವ ಏರ್ಪಾಡೊಂದನ್ನು ಅಮೆರಿಕದ ಪಾಲ್ ಮೊಕಪೆಟ್ರಿಸ್ ಎಂಬವರು 1983ರಲ್ಲಿ ರೂಪಿಸಿದರು. ಅದುವರೆಗೆ ಹೆಸರುಗಳ ಪಟ್ಟಿಯೆಲ್ಲ ಒಂದೇ ಕಡತದಲ್ಲಿತ್ತು. ಇಂದಿಗೂ ನೀವು ಫೋನಿನಲ್ಲಿ ಒಂದು ತಾಣದ ಹೆಸರನ್ನು ಒತ್ತಿದಾಗ ಮೊದಲು ನಡೆಯುವುದು ಈ ಹುಡುಕಾಟ. ಅಂಕೆ ಸಿಕ್ಕಿದ ಮೇಲೆ ಸರ್ವರಿಗೆ ಕರೆ ಹೋಗಿ ಪುಟ ಬರುತ್ತದೆ.

ಮೊದಲು ಹೆಸರಿನ ವಿಷಯ. ನಾಲ್ಕರಲ್ಲಿ ಇದು ಮುಖ್ಯವಾದದ್ದು. ಜನ ಉದಾಸೀನ ಮಾಡುವುದೂ ಇದನ್ನೇ. ಡೊಮೇನ್ ಎಂದು ಕರೆಯುವ ಈ ಹೆಸರನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳುವುದಿಲ್ಲ. ವರ್ಷಗಳ ಲೆಕ್ಕದಲ್ಲಿ ಗುತ್ತಿಗೆಗೆ ಹಿಡಿಯುತ್ತಾರೆ. ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ಮೊದಲು ಕೇಳಿದವರಿಗೆ ಮೊದಲು ಎಂಬುದು ಇಲ್ಲಿಯ ನಿಯಮ. ನಮ್ಮ ದೇಶದ ‘ಡಾಟ್ ಇನ್’ ಹೆಸರುಗಳ ಮೇಲ್ವಿಚಾರಣೆ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಎಂಬ ಸಂಸ್ಥೆಯದು. 2005ರಿಂದ ಇವು ಜನಸಾಮಾನ್ಯರಿಗೂ ಸುಲಭವಾಗಿ ದೊರೆಯುತ್ತಿವೆ. ಕನ್ನಡ ಅಕ್ಷರಗಳಲ್ಲಿಯೇ ಬರೆಯುವ ‘ಡಾಟ್ ಭಾರತ’ ಹೆಸರುಗಳೂ ಉಂಟು. ಆದರೆ ಹೊರನಾಡಿನ ಗಿರಾಕಿಗೆ ಕನ್ನಡ ಕೀಲಿಮಣೆ ಇರಲಾರದು. ಆದುದರಿಂದ ಇಂಗ್ಲಿಷ್ ಅಕ್ಷರದ ಹೆಸರೊಂದು ಜೊತೆಗಿದ್ದರೆ ಲೇಸು.

ಹೆಸರು ಚಿಕ್ಕದಾಗಿರಲಿ. ಟೆಲಿಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ. ನೋಂದಣಿ ಮಾಡಿಕೊಡುವ ಕಂಪೆನಿಗಳು ಹಲವಿವೆ. ಅವುಗಳಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ಮೊದಲ ವರ್ಷ ಅಗ್ಗವೆಂದು ಕೂಗಿ ಎರಡನೆಯ ವರ್ಷ ದರ ಏರಿಸುವ ಪದ್ಧತಿಯುಂಟಾದ್ದರಿಂದ, ನವೀಕರಣಕ್ಕೆ ಎಷ್ಟೆಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ಇನ್ನು ಬಹು ಮುಖ್ಯವಾದ ಮಾತು. ತಾಣ ಕಟ್ಟಿಕೊಡುವ ಹುಡುಗ ‘ಎಲ್ಲ ನಾನೇ ನೋಡಿಕೊಳ್ಳುತ್ತೇನೆ, ನಿಮಗೇಕೆ ತೊಂದರೆ’ ಎನ್ನುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿಯಾನು. ಆದರೂ ಹೆಸರಿನ ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಈಮೇಲಿನಲ್ಲಿ, ನಿಮ್ಮ ಫೋನಿನ ಸಂಖ್ಯೆಯಲ್ಲಿಯೇ ಆಗಬೇಕು. ಗುಪ್ತಪದ ನಿಮ್ಮ ಕೈಯಲ್ಲಿರಬೇಕು. ಮನೆ ಕಟ್ಟಿದ ಮೇಸ್ತ್ರಿಯ ಹೆಸರಿಗೆ ಯಾರಾದರೂ ನಿವೇಶನದ ಪತ್ರ ಬರೆಸುತ್ತಾರೆಯೆ? ನಾಳೆ ಆ ಹುಡುಗ ಬೇರೆ ಊರಿಗೆ ಕೆಲಸಕ್ಕೆ ಹೋಗಬಹುದು, ಅವನ ಫೋನಿನ ಸಂಖ್ಯೆ ಬದಲಾಗಬಹುದು. ಆಗ ನಿಮ್ಮ ಬೋರ್ಡಿನಲ್ಲಿ, ಬಿಲ್ಲಿನಲ್ಲಿ, ಗೊಂಬೆಯ ಪೆಟ್ಟಿಗೆಯ ಮೇಲೆ ಅಚ್ಚಾದ ಹೆಸರು ನಿಮ್ಮದಾಗಿ ಉಳಿಯುವುದಿಲ್ಲ. ‘ಚನ್ನಪಟ್ಟಣದ ಗೊಂಬೆ’ ಎಂಬ ಹೆಸರಿಗೆ ಭೌಗೋಳಿಕ ಸೂಚಕದ ಕಾನೂನು ರಕ್ಷಣೆಯಿದೆ. ಅದು ಊರಿನ ಕಸುಬುದಾರರೆಲ್ಲರ ಸೊತ್ತು. ಜಾಲದಲ್ಲಿ ನಿಮ್ಮ ಅಂಗಡಿಯ ಹೆಸರನ್ನು ಕಾಯಬೇಕಾದವರು ಮಾತ್ರ ನೀವೇ.

ಗುತ್ತಿಗೆಯ ಅವಧಿ ಮೀರದಂತೆ ನೋಡಿಕೊಳ್ಳುವುದೂ ಅಷ್ಟೇ ಅಗತ್ಯ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪೆನಿ ‘ಪಾಸ್‌ಪೋರ್ಟ್ ಡಾಟ್ ಕಾಂ’ ಎಂಬ ತನ್ನ ಹೆಸರಿನ ನವೀಕರಣವನ್ನು ಮರೆತಿತು. ಹಾಟ್‌ಮೇಲ್ ಅಂಚೆಯ ಬಾಗಿಲು ಎಷ್ಟೋ ಜನರಿಗೆ ಮುಚ್ಚಿಹೋಯಿತು. ಕೊನೆಗೆ ಕಂಪೆನಿಗೆ ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್ ತನ್ನ ಕೈಯಿಂದ 35 ಡಾಲರ್ ತೆತ್ತು ಅದನ್ನು ತೆರೆಸಿದ! ಅಷ್ಟು ದೊಡ್ಡ ಕಂಪೆನಿಗೇ ಮರೆವು ಬರುವುದಾದರೆ ನಮ್ಮ ನಿಮ್ಮ ಪಾಡೇನು? ‘ಡಾಟ್ ಕಾಂ’ ಹೆಸರುಗಳಿಗೆ, ಅವಧಿ ಮೀರಿ ಹೆಸರನ್ನು ತೆಗೆದುಹಾಕಿದ ಮೇಲೂ 30 ದಿನಗಳ ಕಾಲ ದಂಡ ತೆತ್ತು ಬಿಡಿಸಿಕೊಳ್ಳುವ ಅವಕಾಶವಿದೆ. ಆ ಬಳಿಕ 5 ದಿನ ಕಳೆಯಿತೆಂದರೆ ಅದು ಯಾರ ಪಾಲಿಗೆ ಬೇಕಾದರೂ ಹೋಗಬಹುದು. ಗೋಡೆಯ ಪಂಚಾಂಗದಲ್ಲಿ ಹಬ್ಬಗಳ ಜೊತೆಗೆ ಈ ದಿನವನ್ನೂ ಗುರುತು ಹಾಕಿಕೊಳ್ಳಿರಿ.

ಎರಡನೆಯದು ಜಾಗ. ಸಣ್ಣ ಅಂಗಡಿಯ ನಾಲ್ಕಾರು ಪುಟಗಳಿಗೆ ದೊಡ್ಡ ಸರ್ವರ್ ಬೇಡ. ಬಾಡಿಗೆ ಕೇಳದೆ ಸ್ಥಳ ಕೊಡುವ ಕಂಪೆನಿಗಳೂ ಇವೆ. ಇವುಗಳಲ್ಲಿ ಕೆಲವು ತಮ್ಮ ಪುಕ್ಕಟೆ ಸ್ಥಳದಲ್ಲಿ ವ್ಯಾಪಾರ ನಡೆಸಬಾರದೆಂದು ನಿಯಮ ಮಾಡಿರುವುದರಿಂದ ಕರಾರನ್ನು ಓದಿಕೊಳ್ಳುವುದು ಒಳ್ಳೆಯದು. ಹಣ ಕೊಟ್ಟು ಹಿಡಿಯುವ ಜಾಗವಾದರೆ ತಿಂಗಳಿಗೆ ನೂರಿನ್ನೂರು ರೂಪಾಯಿಯಿಂದ ಆರಂಭವಾಗುತ್ತದೆ. ಜಾಗ ಗೊತ್ತಾದ ಮೇಲೆ, ಹೆಸರು ನೋಂದಾಯಿಸಿದ ಕಡೆಗೆ ಹೋಗಿ ‘ಈ ಹೆಸರು ಕೇಳಿ ಬಂದವರನ್ನು ಇಂಥ ಸರ್ವರಿಗೆ ಕಳಿಸಿರಿ’ ಎಂದು ತುಂಬಬೇಕು. ಅಂಚೆ ಕಚೇರಿಗೆ ಹೊಸ ವಿಳಾಸ ತಿಳಿಸಿದಂತೆಯೇ ಇದು. ಸುದ್ದಿ ಎಲ್ಲೆಡೆ ಮುಟ್ಟಲು ಕೆಲವು ನಿಮಿಷಗಳಿಂದ ಒಂದೆರಡು ದಿನ ಹಿಡಿಯಬಹುದು.

ಹೆಸರೂ ಜಾಗವೂ ಬೇರೆ ಬೇರೆ ಎಂಬುದನ್ನು ಒತ್ತಿ ಹೇಳಲು ಕಾರಣವಿದೆ. ಇನ್ನೊಬ್ಬರ ಹೊಲದಲ್ಲಿ ಮನೆ ಕಟ್ಟಿದವರ ಕಥೆ ಜಾಲದಲ್ಲಿ ಹಲವು ಸಲ ನಡೆದಿದೆ. ಜಿಯೋಸಿಟೀಸ್ ಎಂಬಲ್ಲಿ ಲಕ್ಷಾಂತರ ಜನ ಪುಕ್ಕಟೆಯಾಗಿ ಪುಟಗಳನ್ನು ಕಟ್ಟಿಕೊಂಡಿದ್ದರು. 1999ರಲ್ಲಿ ಯಾಹೂ ಅದನ್ನು ಕೊಂಡಿತು. 2009ರ ಅಕ್ಟೋಬರಿನಲ್ಲಿ ಮುಚ್ಚಿಬಿಟ್ಟಿತು. ಗೂಗಲ್ ಕಂಪೆನಿ ಸಣ್ಣ ವ್ಯಾಪಾರಿಗಳಿಗೆಂದೇ ತನ್ನ ನಕ್ಷೆಯ ಪಟ್ಟಿಯ ಜೊತೆಗೆ ಸರಳವಾದ ತಾಣಗಳನ್ನು ಉಚಿತವಾಗಿ ಮಾಡಿಕೊಡುತ್ತಿತ್ತು. 2024ರ ಮಾರ್ಚಿನಲ್ಲಿ ಅವುಗಳನ್ನು ನಿಲ್ಲಿಸಿತು. ಅದರದೇ ವಿಳಾಸವನ್ನು ಚೀಟಿಗಳಲ್ಲಿ ಅಚ್ಚು ಹಾಕಿಸಿದ್ದವರಿಗೆ ಆ ಚೀಟಿಗಳು ರದ್ದಿಯಾದವು. ಸ್ವಂತ ಹೆಸರಿದ್ದವರು ಪುಟಗಳನ್ನು ಬೇರೊಂದು ಸರ್ವರಿಗೆ ಸಾಗಿಸಿ, ಹೆಸರನ್ನು ಅತ್ತ ತಿರುಗಿಸಿ, ವ್ಯಾಪಾರ ಮುಂದುವರಿಸಬಹುದಾಗಿತ್ತು. ಗಿರಾಕಿಗೆ ಮನೆ ಬದಲಾದುದೇ ತಿಳಿಯುವುದಿಲ್ಲ.

ಮೂರನೆಯದು ಪುಟಗಳು. ಜಿನೀವಾ ನಗರದ ಬಳಿಯ ಸೆರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ವೆಬ್ಬನ್ನು ರೂಪಿಸಿದಾಗ, 1991ರಲ್ಲಿ ಹೊರಜಗತ್ತಿಗೆ ಕಂಡ ಮೊದಲ ತಾಣದಲ್ಲಿ ಇದ್ದದ್ದು ಬರಿಯ ಬರಹ ಮತ್ತು ಕೊಂಡಿಗಳು. 1993ರ ಏಪ್ರಿಲ್ 30ರಂದು ಸೆರ್ನ್ ಈ ವಿದ್ಯೆಯನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಆ ಸರಳತೆ ಇಂದಿಗೂ ಸಾಲುತ್ತದೆ. ಎಚ್‌ಟಿಎಂಎಲ್ ಎಂಬ ಬರೆಯುವ ಕ್ರಮದಲ್ಲಿ ನಮ್ಮ ಮಾತುಗಳ ಹಿಂದೆ ಮುಂದೆ ಚಿಕ್ಕ ಗುರುತುಗಳನ್ನು ಇಡುತ್ತೇವೆ: ಇದು ತಲೆಬರಹ, ಇದು ಪ್ಯಾರಾ, ಇದು ಚಿತ್ರ, ಇದು ಕೊಂಡಿ. ಹತ್ತು ಹದಿನೈದು ಗುರುತು ಕಲಿತರೆ ಅಂಗಡಿಯ ಪುಟ ಸಿದ್ಧ. ಹೈಸ್ಕೂಲಿನ ಮಗಳೋ ಮಗನೋ ರಜೆಯ ಒಂದು ವಾರದಲ್ಲಿ ಮಾಡಿಯಾರು.

ಏನು ಬರೆಯಬೇಕು? ಗಿರಾಕಿ ಗಲ್ಲಾದ ಮುಂದೆ ನಿಂತು ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆಯಿರಿ, ಸಾಕು. ಏನು ಮಾರುತ್ತೀರಿ? ಬೆಲೆ ಎಷ್ಟು? ಅಂಗಡಿ ಎಲ್ಲಿ? ಎಷ್ಟು ಹೊತ್ತಿಗೆ ತೆರೆಯುತ್ತೀರಿ, ವಾರದ ರಜೆ ಯಾವಾಗ? ದೂರದ ಊರಿಗೆ ಕಳಿಸುತ್ತೀರೋ? ಗೊಂಬೆಯ ಅಂಗಡಿಯಾದರೆ ತಾಯಂದಿರು ಕೇಳುವುದು ಇನ್ನೊಂದು: ‘ಮಗು ಬಾಯಿಗೆ ಹಾಕಿಕೊಂಡರೆ?’ ಯಾವ ಮರ, ಯಾವ ಬಣ್ಣ, ಯಾವ ಅರಗು ಎಂಬುದನ್ನು ಇದ್ದದ್ದು ಇದ್ದಂತೆ ಬರೆಯುವುದಕ್ಕಿಂತ ಒಳ್ಳೆಯ ಜಾಹೀರಾತಿಲ್ಲ. ಫೋನಿನ ಸಂಖ್ಯೆ ಪುಟದ ಮೇಲ್ಭಾಗದಲ್ಲಿಯೇ ಇದ್ದು, ಮುಟ್ಟಿದೊಡನೆ ಕರೆ ಹೋಗುವಂತಿರಲಿ. ಕಾರ್ಡಿನಿಂದ ಹಣ ಪಡೆಯುವ ಏರ್ಪಾಡು ಮೊದಲ ತಾಣಕ್ಕೆ ಬೇಡ. ಫೋನಿನಲ್ಲಿ ಮಾತನಾಡಿ ವ್ಯವಹಾರ ಕುದುರಿಸುವುದು ನಮ್ಮವರಿಗೆ ಹೊಸತಲ್ಲ.

ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಫಾಂಟಿನಿಂದ ಬೆರಳಚ್ಚು ಮಾಡಿಟ್ಟ ಬೆಲೆಪಟ್ಟಿಯನ್ನು ಹಾಗೆಯೇ ಪುಟಕ್ಕೆ ಹಾಕಿದರೆ, ಆ ಫಾಂಟು ಇಲ್ಲದವರ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಮೊದಲು ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಪುಟದ ತಲೆಯಲ್ಲಿ ‘ಯುಟಿಎಫ್-8’ ಎಂದು ನಮೂದಿಸಬೇಕು.

ಚಿತ್ರಗಳ ಭಾರವನ್ನೂ ಗಮನಿಸಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರ ಅಥವಾ ಗುಣಿತದ ಚಿಹ್ನೆಗೆ 3 ಬೈಟ್ ಬೇಕು. ಅಂಥ 2,000 ಚಿಹ್ನೆಗಳ ಒಂದು ಪುಟದ ಬರಹ 6,000 ಬೈಟ್ ಆಯಿತು. ಫೋನಿನಲ್ಲಿ ತೆಗೆದ ಒಂದು ಫೋಟೋ 40 ಲಕ್ಷ ಬೈಟ್ ಆಗುವುದು ಸಾಮಾನ್ಯ. ಅಂದರೆ 600 ಪುಟಗಳಿಗೂ ಮಿಕ್ಕ ಪುಸ್ತಕದಷ್ಟು! ಅಂಥ ಹತ್ತು ಫೋಟೋಗಳನ್ನು ಹಾಕಿದರೆ, ಬಸ್ಸಿನಲ್ಲಿ ಕುಳಿತು ನೋಡುವವರು ಪುಟ ತೆರೆಯುವ ಮೊದಲೇ ಬೇಸತ್ತು ಬೇರೆ ಅಂಗಡಿಗೆ ಹೋಗುತ್ತಾರೆ. ಒಂದೊಂದನ್ನೂ ಎರಡು ಲಕ್ಷ ಬೈಟಿನೊಳಗೆ ಕುಗ್ಗಿಸಿದರೆ ಗೊಂಬೆಯ ಮೆರುಗಿಗೆ ಕುಂದಿಲ್ಲ. ಪುಟ ಸಿದ್ಧವಾದ ಮೇಲೆ ಕಂಪ್ಯೂಟರಿನಲ್ಲಷ್ಟೇ ಅಲ್ಲ, ಮನೆಯಲ್ಲಿರುವ ಅತಿ ಹಳೆಯ ಫೋನಿನಲ್ಲಿಯೂ ತೆರೆದು ನೋಡಿರಿ.

ನಾಲ್ಕನೆಯದು ಬೀಗ. ವಿಳಾಸದ ಬಳಿ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಕಂಡರೆ ಗಿರಾಕಿ ಹಿಂಜರಿಯುತ್ತಾನೆ. ನೋಡುವವರಿಗೂ ಸರ್ವರಿಗೂ ನಡುವಣ ಮಾತು ಮೂರನೆಯವರಿಗೆ ತಿಳಿಯದಂತೆ, ನಡುವೆ ಯಾರೂ ತಿದ್ದದಂತೆ ಕಾಯುವ ಪ್ರಮಾಣಪತ್ರವೊಂದು ಬೇಕು. ಹಿಂದೆ ಇದಕ್ಕೆ ಹಣ ತೆರಬೇಕಾಗಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭದ ಹಂಗಿಲ್ಲದ ಏರ್ಪಾಡು 2015ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದ ಬಳಿಕ ಉಚಿತವಾಗಿ ಸಿಗುತ್ತಿದೆ. ಬಹಳ ಕಡೆ ಹೋಸ್ಟಿಂಗಿನವರೇ ಇದನ್ನು ಹಾಕಿ, ಕಾಲಕಾಲಕ್ಕೆ ತಾನಾಗಿ ನವೀಕರಿಸುವಂತೆ ಮಾಡಿರುತ್ತಾರೆ. ಇದಕ್ಕೆಂದು ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಏಕೆಂದು ವಿಚಾರಿಸಿರಿ. ಈ ಬೀಗವಿದ್ದ ಮಾತ್ರಕ್ಕೆ ಅಂಗಡಿಯವನು ಪ್ರಾಮಾಣಿಕನೆಂದು ಅರ್ಥವಲ್ಲ. ದಾರಿಯಲ್ಲಿ ಕಳ್ಳರಿಲ್ಲವೆಂದಷ್ಟೇ ಅರ್ಥ.

ತಾಣ ತೆರೆದೊಡನೆ ಗಿರಾಕಿಗಳು ಮುಗಿಬೀಳುವುದಿಲ್ಲ. ಬೋರ್ಡಿನಲ್ಲಿ, ಬಿಲ್ಲಿನಲ್ಲಿ, ಕೈಚೀಲದ ಮೇಲೆ ಹೆಸರನ್ನು ಬರೆಸಿರಿ. ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಗುರುತಿಸಿ, ಅಲ್ಲಿಯೂ ಇದೇ ವಿಳಾಸ ಕೊಡಿರಿ. ಬೆಲೆ ಬದಲಾದ ದಿನವೇ ಪುಟವನ್ನೂ ಬದಲಿಸಿರಿ. ಹೋದ ವರ್ಷದ ದೀಪಾವಳಿಯ ರಿಯಾಯಿತಿ ಈ ಯುಗಾದಿಯಲ್ಲಿಯೂ ಕಾಣುತ್ತಿದ್ದರೆ ಅಂಗಡಿ ನಡೆಯುತ್ತಿದೆಯೋ ಇಲ್ಲವೋ ಎಂದು ಜನ ಅನುಮಾನಿಸುತ್ತಾರೆ. ಪುಟಗಳ ಒಂದು ಪ್ರತಿ ಸದಾ ನಿಮ್ಮ ಮನೆಯಲ್ಲಿರಲಿ.

ಒಂದು ನೋಟುಬುಕ್ಕಿನಲ್ಲಿ ನಾಲ್ಕು ಸಂಗತಿ ಬರೆದು ಅಂಗಡಿಯ ಲೆಕ್ಕದ ಪುಸ್ತಕಗಳ ಜೊತೆ ಇಡಿರಿ: ಹೆಸರು ಎಲ್ಲಿ ನೋಂದಾಯಿಸಿದೆ, ಯಾವ ಈಮೇಲಿನಲ್ಲಿದೆ, ಯಾವ ದಿನ ಅವಧಿ ಮುಗಿಯುತ್ತದೆ, ಪುಟಗಳು ಯಾವ ಕಂಪೆನಿಯ ಸರ್ವರಿನಲ್ಲಿವೆ. ನೀವಿಲ್ಲದ ಹೊತ್ತಿನಲ್ಲಿ ಮನೆಯ ಇನ್ನೊಬ್ಬರು ಅದನ್ನು ನೋಡಿ ನಡೆಸುವಂತಿರಬೇಕು. ಇಷ್ಟು ಭದ್ರವಾಗಿದ್ದರೆ ಸರ್ವರ್ ಬದಲಾಗಲಿ, ಕಟ್ಟಿಕೊಟ್ಟವರು ಬದಲಾಗಲಿ, ಹೆದ್ದಾರಿಯೇ ಮತ್ತೊಮ್ಮೆ ಬದಲಾಗಲಿ, ಗಿರಾಕಿ ನಿಮ್ಮ ಹೆಸರು ಹಿಡಿದು ನಿಮ್ಮಲ್ಲಿಗೇ ಬರುತ್ತಾನೆ.